ಲಕ್ಸೆಂಬರ್ಗ್‌ನ ಬಿಟ್ಟಿ ಬಸ್ಸು, ರೈಲು: ಒಂದು ವರ್ಷ ಓಡಾಡಿದ ಮೇಲೆ

ಮೊದಲ ವಾರ ಬಸ್ಸು ಹತ್ತಿದ ಕೂಡಲೇ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ನಮ್ಮ ಕಡೆ ಶಕ್ತಿ ಯೋಜನೆಯಲ್ಲೂ ಕಂಡಕ್ಟರ್ ಬಂದು ಹೆಂಗಸರಿಗೆ ಶೂನ್ಯ ಟಿಕೆಟ್ ಕೊಡುತ್ತಾರೆ, ಅಲ್ವಾ. ಇಲ್ಲಿ ಅದೂ ಇಲ್ಲ. ಸುಮ್ನೆ ಹತ್ತಬೇಕು, ಕೂರಬೇಕು, ಇಳಿಯಬೇಕು. 2020ರ ಫೆಬ್ರವರಿ 29ರಿಂದ ದೇಶದ ಬಸ್ಸು, ರೈಲು, ಟ್ರಾಮ್ ಎಲ್ಲವೂ ಉಚಿತ, ಪ್ರವಾಸಿಗರಿಗೂ.

ದೇಶ ಅಂದರೆ ಎಷ್ಟು ದೊಡ್ಡದು ಅಂತೀರಾ? 2,586 ಚದರ ಕಿ.ಮೀ., ನಮ್ಮ ಕೊಡಗಿಗಿಂತ ಚಿಕ್ಕದು. ಹಾಗಾಗಿ ಇಡೀ ವರ್ಷದ ಹಬ್ಬ, ಜಾತ್ರೆಗಳನ್ನು ಬಿಟ್ಟಿ ಬಸ್ಸಿನಲ್ಲೇ ನೋಡಿ ಮುಗಿಸಬಹುದು. ನಾನು ಮಾಡಿದ್ದೂ ಅದನ್ನೇ.

ಈಸ್ಟರ್ ಸೋಮವಾರ ರಾಜಧಾನಿಯ ಹಳೇ ಪೇಟೆಯಲ್ಲಿ ಮಣ್ಣಿನ ಹಕ್ಕಿ ಪೀಪಿ ಮಾರುತ್ತಾರೆ, ಊದಿದರೆ ಕೋಗಿಲೆ ಥರ ಕೂಗುತ್ತೆ. ಒಂದು ತಗೊಂಡೆ, ಮನೆ ಮುಟ್ಟುವಷ್ಟರಲ್ಲಿ ಮುರಿಯಿತು.

ನಿಜವಾಗಿ ಖುಷಿ ಕೊಟ್ಟಿದ್ದು ಎಖ್ಟರ್ನಾಖ್ ಅನ್ನೋ ಊರು. ಅಲ್ಲಿಗೆ ರೈಲಿಲ್ಲ, ಬಸ್ಸೇ ಗತಿ. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂಟಕೋಸ್ಟ್ ಹಬ್ಬ ಆದ ಮಂಗಳವಾರ ಸಾವಿರಾರು ಜನ ಸಾಲುಗಟ್ಟಿ, ಪಕ್ಕದವರ ಜೊತೆ ಬಿಳಿ ಕರವಸ್ತ್ರದ ತುದಿ ಹಿಡಿದು, ಎಡಕ್ಕೊಂದು ಬಲಕ್ಕೊಂದು ಕುಪ್ಪಳಿಸುತ್ತಾ ಸಂತ ವಿಲಿಬ್ರೋರ್ಡ್ ಸಮಾಧಿಯ ತನಕ ಹೋಗುತ್ತಾರೆ. ಬ್ಯಾಂಡಿನವರು ಬಾರಿಸುವುದು ಒಂದೇ ಧಾಟಿ, ಗಂಟೆಗಟ್ಟಲೆ ಅದೇ. ಹತ್ತು ನಿಮಿಷಕ್ಕೆ ಬೇಜಾರಾಗುತ್ತೆ ಅಂದುಕೊಂಡಿದ್ದೆ, ಅರ್ಧ ಗಂಟೆ ಆದ ಮೇಲೆ ನೋಡಿದರೆ ನನ್ನ ಕಾಲೂ ಅಲ್ಲಾಡುತ್ತಿತ್ತು. ಈ ಮೆರವಣಿಗೆ 2010ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ.

ಆಗಸ್ಟ್ ಕೊನೆಗೆ ಶೂಬರ್‌ಫೋವರ್ ಜಾತ್ರೆ. 1340ರಲ್ಲಿ ಶುರುವಾದದ್ದಂತೆ. ಟ್ರಾಮ್ ಇಳಿದು ಎರಡು ಹೆಜ್ಜೆ ನಡೆದರೆ ಬಂತು. ಗ್ರೊಂಪರೆಕಿಶೆಲ್ಶರ್ ಅಂತ ಆಲೂಗಡ್ಡೆ ತುರಿದು ಎಣ್ಣೆಯಲ್ಲಿ ಕರಿದ ವಡೆ ಸಿಗುತ್ತೆ, ತಿನ್ನಿ. ಖಾರ ಇರಲ್ಲ, ಉಪ್ಪಿನಕಾಯಿ ಜೇಬಲ್ಲಿ ಇಟ್ಟುಕೊಂಡು ಹೋಗಿ. ಟ್ರಾಮ್ ಬಗ್ಗೆ ಒಂದು ಮಾತು: ಹಳೇ ಪೇಟೆ ಕಡೆ ಮೇಲೆ ತಂತಿಯೇ ಕಾಣಲ್ಲ, ನಿಲ್ದಾಣದಲ್ಲಿ ನಿಂತಾಗ ನೆಲದಿಂದಲೇ ಚಾರ್ಜ್ ಆಗುತ್ತೆ.

ಇನ್ನು ಬೈಗುಳ. ಬಿಟ್ಟಿ ಅನ್ನೋದು ಗಡಿ ತನಕ ಮಾತ್ರ. ಜರ್ಮನಿಯ ಟ್ರಿಯರ್‌ಗೆ ಹೋಗಬೇಕಾದರೆ ಗಡಿ ಆಚೆಗೆ ಟಿಕೆಟ್ ಬೇಕು. ಒಂದ್ಸಲ ಜಿಪುಣತನಕ್ಕೆ ಗಡಿಯ ವಾಸರ್‌ಬಿಲಿಗ್‌ನಲ್ಲಿ ಇಳಿದು, ಸೇತುವೆ ದಾಟಿ ಜರ್ಮನಿಗೆ ನಡೆದೇ ಹೋದೆ, ಸ್ವಲ್ಪ ನಾಚಿಕೆಯೂ ಆಯಿತು. ಹಳ್ಳಿ ಕಡೆ ಭಾನುವಾರ ಬಸ್ಸು ಕಮ್ಮಿ, ಒಂದು ತಪ್ಪಿದರೆ ಚಳಿಯಲ್ಲಿ ನಿಂತು ಕಾಯಬೇಕು. ಹಳಿ ಕೆಲಸ ಅಂತ ರೈಲು ನಿಲ್ಲಿಸಿ ಬದಲಿ ಬಸ್ಸು ಬಿಟ್ಟ ದಿನ ಆಫೀಸಿಗೆ ತಡವಾಗಿದ್ದೂ ಉಂಟು. ದುಡ್ಡು ಉಳಿಸಿದರೆ ಸಾಕಾ, ಬಸ್ಸು ಟೈಮಿಗೆ ಬರಬೇಕಲ್ವಾ? ಇಷ್ಟೆಲ್ಲ ಬಿಟ್ಟಿ ಇದ್ದರೂ ಜನ ಕಾರು ಬಿಟ್ಟಿಲ್ಲ, ಬೆಳಿಗ್ಗೆ ಹೆದ್ದಾರಿ ತುಂಬಿರುತ್ತೆ.

ಐದಕ್ಕೆ ನಾಲ್ಕು ಕೊಡ್ತೀನಿ. ಒಂದು ಎಚ್ಚರಿಕೆ: ರೈಲಿನ ಮೊದಲ ದರ್ಜೆಗೆ ಮಾತ್ರ ದುಡ್ಡು ಕೊಡಬೇಕು. ಗೊತ್ತಿಲ್ಲದೆ ಮೆತ್ತಗಿನ ಸೀಟಲ್ಲಿ ಆರಾಮಾಗಿ ಕೂತಿದ್ದೆ. ತಪಾಸಣೆಗೆ ಬಂದಾಕೆ ಏನೂ ಅನ್ನಲಿಲ್ಲ, ನಗುತ್ತಾ ಬಾಗಿಲ ಗಾಜಿನ ಮೇಲಿದ್ದ ದೊಡ್ಡ 1 ತೋರಿಸಿದರು.