ಲಿವರ್ ಗಡ್ಡೆಗೆ ಸಿಟಿ, ಎಂಆರ್‌ಐ, ಬಯಾಪ್ಸಿ: ಯಾವುದು ಯಾವಾಗ?
ಲಿವರ್‌ನಲ್ಲಿ ಗಡ್ಡೆ ಅಂದ ತಕ್ಷಣ ಕ್ಯಾನ್ಸರ್ ಅಂದುಕೊಳ್ಳಬೇಡಿ. ರಕ್ತನಾಳಗಳ ಗಂಟು, ಅಂದರೆ ಹಿಮಾಂಜಿಯೋಮಾ, ತುಂಬಾ ಸಾಮಾನ್ಯ.

ಹಲವು ಹಂತದ ಸಿಟಿ, ಅಂದರೆ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಹಲವು ಸಲ ಚಿತ್ರ ತೆಗೆಯುವ ಸ್ಕ್ಯಾನ್, ಬೇಗ ಮುಗಿಯುತ್ತದೆ. ಚಿತ್ರ ಎದ್ದು ಕಾಣಲೆಂದು ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಕೊಟ್ಟಾಗ ಲಿವರ್ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಬೆಳ್ಳಗೆ ಹೊಳೆದು, ಆಮೇಲೆ ಸುತ್ತಲಿನ ಲಿವರ್‌ಗಿಂತ ಕಪ್ಪಾಗುತ್ತದೆ. ಹಿಮಾಂಜಿಯೋಮಾ ಮಾತ್ರ ಅಂಚಿನಿಂದ ಒಳಕ್ಕೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ಗಡ್ಡೆ ಚಿಕ್ಕದಾಗಿದ್ದರೆ ನನ್ನ ಒಲವು ಎಂಆರ್‌ಐ ಕಡೆಗೆ. ಎಕ್ಸ್‌ರೇ ವಿಕಿರಣ ಇಲ್ಲ, ವಿವರ ಜಾಸ್ತಿ, ಆದರೆ ಹೊತ್ತು ಹಿಡಿಯುತ್ತದೆ, ಹೇಳಿದಾಗೆಲ್ಲ ಉಸಿರು ಬಿಗಿಹಿಡಿದು ಅಲ್ಲಾಡದೆ ಮಲಗಬೇಕು.

ಸಿರೋಸಿಸ್, ಅಂದರೆ ಲಿವರ್ ಹಾಳಾಗಿ ಗಟ್ಟಿಯಾಗುವ ಕಾಯಿಲೆ, ಇದ್ದವರಲ್ಲಿ 1 ಸೆಂ.ಮೀ. ಅಥವಾ ದೊಡ್ಡ ಗಡ್ಡೆ ಸ್ಪಷ್ಟವಾಗಿ ಕ್ಯಾನ್ಸರ್ ಲಕ್ಷಣ ತೋರಿಸಿದರೆ ಸಾಮಾನ್ಯವಾಗಿ ಬಯಾಪ್ಸಿ (ಸೂಜಿಯಿಂದ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಬೇಕಿಲ್ಲ. ಚಿತ್ರ ಗೊಂದಲವಾಗಿದ್ದರೆ ಅಥವಾ ಪಿತ್ತನಾಳದ ಕ್ಯಾನ್ಸರ್ ಸಂಶಯವಿದ್ದರೆ, ವೈದ್ಯರು ಬಯಾಪ್ಸಿ ಹೇಳಿದಾಗ ಸುಮ್ನೆ ಸೂಜಿಗೆ ಹೆದರಿ ಮುಂದೂಡಬೇಡಿ. ಪಿತ್ತನಾಳದ ಕ್ಯಾನ್ಸರ್‌ಗೆ ಚಿಕಿತ್ಸೆಯೇ ಬೇರೆ ಅಲ್ವಾ.