ಪಿಜಿವೆಕ್ಟರ್: ವೆಕ್ಟರ್‌ಗಳಿಗೆ ಬೇರೆ ಡೇಟಾಬೇಸ್ ಬೇಕಾಗಲೇ ಇಲ್ಲ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಸೇರಿಸಿ, ಅದರಲ್ಲೇ ವೆಕ್ಟರ್‌ಗಳನ್ನು ಇಟ್ಟು ಹುಡುಕಲು ನೆರವಾಗುವ ಪಿಜಿವೆಕ್ಟರ್ ಎಕ್ಸ್‌ಟೆನ್ಶನ್ ಅನ್ನು ನಾನು 2023ರಿಂದ ಬಳಸುತ್ತಿದ್ದೇನೆ. ಓಪನ್ ಸೋರ್ಸ್, ದುಡ್ಡು ಕೊಡಬೇಕಿಲ್ಲ. ಈಗಾಗಲೇ ಪೋಸ್ಟ್‌ಗ್ರೆಸ್ ಇರುವವರು ಮೊದಲು ಇದನ್ನೇ ಹಾಕಿ ನೋಡಿ ಅಂತ ಧೈರ್ಯವಾಗಿ ಹೇಳುತ್ತೇನೆ.

ನಮ್ಮದು ಹಳೇ ಪುಸ್ತಕಗಳ ಆನ್‌ಲೈನ್ ಅಂಗಡಿ. ಪುಸ್ತಕದ ಪರಿಚಯವನ್ನು ಬಹುಭಾಷಾ ಎಐ ಮಾಡೆಲ್‌ಗೆ ಕೊಟ್ಟರೆ 1,024 ಅಂಕಿಗಳ ಪಟ್ಟಿ, ಅಂದರೆ ವೆಕ್ಟರ್, ಸಿಗುತ್ತದೆ. ಅರ್ಥ ಹತ್ತಿರವಿದ್ದರೆ ವೆಕ್ಟರ್‌ಗಳೂ ಹತ್ತಿರ ಇರುತ್ತವೆ, ಹುಡುಕಾಟ ನಡೆಯುವುದು ಹಾಗೆ. ಬೆಲೆ, ಸ್ಟಾಕ್ ಇರುವ ಟೇಬಲ್‌ನಲ್ಲೇ ಅದೂ ಒಂದು ಕಾಲಂ. ಪುಸ್ತಕದ ಸಾಲು ಅಳಿಸಿದರೆ ವೆಕ್ಟರೂ ಅದೇ ಟ್ರಾನ್ಸಾಕ್ಷನ್‌ನಲ್ಲಿ (ಒಂದೇ ಗುಂಪಾಗಿ ನಡೆಯುವ ಬದಲಾವಣೆಯಲ್ಲಿ) ಹೋಗುತ್ತದೆ. ಎರಡು ಕಡೆ ಡೇಟಾ ಇಟ್ಟು ಸಿಂಕ್ ಮಾಡುವ ತಲೆನೋವಿಲ್ಲ, ಬ್ಯಾಕಪ್ಪೂ ಒಂದೇ. ನನಗೆ ಇದು ವೇಗಕ್ಕಿಂತ ಜಾಸ್ತಿ ಮುಖ್ಯ.

ಫಿಲ್ಟರ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹತ್ತಿರದ ವೆಕ್ಟರ್‌ಗಳನ್ನು ಬೇಗ ಹುಡುಕುವ ಎಚ್‌ಎನ್‌ಎಸ್‌ಡಬ್ಲ್ಯು ಇಂಡೆಕ್ಸ್ ಮೊದಲು ಅಂಥ ಸಾಲುಗಳನ್ನು ತರುತ್ತದೆ, ನಿಮ್ಮ ಷರತ್ತು ಆಮೇಲೆ. ಡಿಫಾಲ್ಟ್‌ನಲ್ಲಿ ಅದು ನೋಡುವುದು 40 ಸಾಲು. 'ನೂರು ರೂಪಾಯಿ ಒಳಗಿನ ಕನ್ನಡ ಪುಸ್ತಕ' ಅನ್ನುವ ಷರತ್ತಿಗೆ ಟೇಬಲ್‌ನ ಶೇ. 10ರಷ್ಟು ಹೊಂದಿದರೆ, ಕೈಗೆ ಬರುವುದು ಸುಮಾರು 4 ಪುಸ್ತಕ. ಗೋದಾಮಿನಲ್ಲಿ ರಾಶಿ ಇದ್ದರೂ ಅಷ್ಟೇ! 2024ರಲ್ಲಿ ಬಂದ 0.8.0 ಆವೃತ್ತಿಯಲ್ಲಿ ಇದಕ್ಕೆ ಇಟರೇಟಿವ್ ಸ್ಕ್ಯಾನ್ ಕೊಟ್ಟರು. ಸಾಲದಿದ್ದರೆ ಇಂಡೆಕ್ಸ್‌ನಲ್ಲಿ ಇನ್ನೂ ಮುಂದೆ ಹುಡುಕುತ್ತದೆ. ಆದರೆ ಅದು ತಾನಾಗಿ ಆನ್ ಆಗಿರುವುದಿಲ್ಲ, ನೀವೇ ಸೆಟ್ಟಿಂಗ್ ಹಾಕಬೇಕು. ಹಳೇ ಆವೃತ್ತಿಯಲ್ಲಿರುವವರು ಇದೊಂದಕ್ಕಾದರೂ ಅಪ್‌ಗ್ರೇಡ್ ಮಾಡಿ.

ಮಾಡೆಲ್ ಅನ್ನು ದಯವಿಟ್ಟು ಡೇಟಾಬೇಸ್ ಟ್ರಿಗರ್ (ಸಾಲು ಬದಲಾದಾಗ ತಾನಾಗಿ ಓಡುವ ಕೋಡ್) ಒಳಗಿಂದ ಕರೆಯಬೇಡಿ. ಮಾಡೆಲ್ ಸರ್ವರ್ ತಡ ಮಾಡಿದರೆ ಟ್ರಾನ್ಸಾಕ್ಷನ್ ಸುಮ್ನೆ ಕಾಯುತ್ತಾ ಕೂರುತ್ತದೆ, ಲಾಕ್‌ಗಳೂ ಬಿಡುವುದಿಲ್ಲ. ನಮ್ಮಲ್ಲಿ ಹೊಸ ಪುಸ್ತಕ ಬಂದರೆ ಒಂದು ಕ್ಯೂ ಟೇಬಲ್‌ಗೆ ಸಾಲು ಬೀಳುತ್ತದೆ. ಹೊರಗಿನ ವರ್ಕರ್ ಅದನ್ನು 'ಸ್ಕಿಪ್ ಲಾಕ್ಡ್' (ಬೇರೆಯವರು ಲಾಕ್ ಮಾಡಿದ ಸಾಲು ಬಿಟ್ಟು ಮುಂದೆ ಹೋಗು) ಹಾಕಿ ಎತ್ತಿಕೊಂಡು ವೆಕ್ಟರ್ ಮಾಡಿಸಿ ಬರೆಯುತ್ತದೆ. ಪಕ್ಕದಲ್ಲೇ ಮಾಡೆಲ್ ಹೆಸರಿಗೂ ಒಂದು ಕಾಲಂ ಇಡಿ. ಮಾಡೆಲ್ ಬದಲಾದರೆ ಹಳೇ ವೆಕ್ಟರ್ ಮತ್ತು ಹೊಸ ವೆಕ್ಟರ್‌ಗಳನ್ನು ಹೋಲಿಸೋಕೆ ಬರಲ್ಲ, ಅಲ್ವಾ? ಯಾವುದನ್ನು ಮತ್ತೆ ಮಾಡಬೇಕು ಅಂತ ಆ ಕಾಲಂ ನೋಡಿದರೆ ಗೊತ್ತಾಗುತ್ತದೆ.

ಇಂಡೆಕ್ಸ್ ಮೆಮೊರಿಯಲ್ಲಿ ಹಿಡಿಸದಷ್ಟು ಬೆಳೆದರೆ ವೇಗ ಬೀಳುತ್ತದೆ. ಕೋಟಿಗಟ್ಟಲೆ ಸಾಲು ಇರುವವರು ಬೇರೆ ದಾರಿಗಳನ್ನೂ ನೋಡಬೇಕಾಗಬಹುದು. ಅದಕ್ಕೆ ಮುಂಚೆ, ಪ್ರತಿ ಅಂಕಿಯನ್ನು ಅರ್ಧ ಜಾಗದಲ್ಲಿ ಇಡುವ ಹಾಫ್‌ವೆಕ್ ಟೈಪ್ ಪ್ರಯತ್ನಿಸಿ. 1,024 ಅಂಕಿಗಳ ವೆಕ್ಟರ್ 4,104 ಬೈಟ್‌ನಿಂದ 2,056ಕ್ಕೆ ಇಳಿಯುತ್ತದೆ. ನಮ್ಮ ಹುಡುಕಾಟದಲ್ಲಿ ಗ್ರಾಹಕರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.