ಬ್ರೇಕಿಂಗ್ ದ ವೇವ್ಸ್: ಗಂಟೆಯಿಲ್ಲದ ಚರ್ಚು

ಈ ಸಿನಿಮಾವನ್ನು ಮೊದಲ ಸಲ ಅರ್ಧಕ್ಕೇ ನಿಲ್ಲಿಸಿದ್ದೆ. ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತಷ್ಟೆ; ಅಲುಗಾಡದೆ ಹಾಸಿಗೆಯಲ್ಲಿ ಮಲಗಿದ ಗಂಡಸಿನ ಮುಖ ನೋಡಲಾಗಲಿಲ್ಲ. ಮೊನ್ನೆ ಧೈರ್ಯ ಮಾಡಿ ಪೂರ್ತಿ ನೋಡಿದೆ, ಮರುದಿನ ಇನ್ನೊಮ್ಮೆ.

ಡೆನ್ಮಾರ್ಕಿನ ಲಾರ್ಸ್ ವಾನ್ ಟ್ರಿಯರ್ 1996ರಲ್ಲಿ ಮಾಡಿದ, ಎರಡೂವರೆ ಗಂಟೆ ಮೀರುವ ಚಿತ್ರ ಇದು. ಕತೆ 1970ರ ದಶಕದ ಆರಂಭದ ಸ್ಕಾಟ್ಲೆಂಡಿನದು, ಕಡಲ ದಂಡೆಯ ಒಂದು ಹಳ್ಳಿಯದು. ಅಲ್ಲಿಯ ಕ್ಯಾಲ್ವಿನ್ ಪಂಥದ (ಪ್ರಾಟೆಸ್ಟೆಂಟರ ಒಂದು ಕಟ್ಟುನಿಟ್ಟಿನ ಪಂಗಡ) ಚರ್ಚಿನಲ್ಲಿ ಹೆಂಗಸರು ಬಾಯಿ ತೆರೆಯುವಂತಿಲ್ಲ. ಪಾಪಿ ಎಂದು ಹಿರಿಯರು ತೀರ್ಮಾನಿಸಿದವರನ್ನು ಮಣ್ಣು ಮಾಡುವಾಗ ನರಕಕ್ಕೆ ಹೋಗೆಂದು ಹೇಳಿಯೇ ಹೂಳುತ್ತಾರೆ. ಚರ್ಚಿಗೆ ಗಂಟೆಯೂ ಇಲ್ಲ. ದೇವರನ್ನು ನೆನೆಯಲು ಗಂಟೆ ಯಾಕೆ ಎನ್ನುವ ಜನ. ಇಂಥ ಊರಿನ ಬೆಸ್, ಕಡಲ ತೈಲಬಾವಿಯಲ್ಲಿ ದುಡಿಯುವ ಹೊರಗಿನವನಾದ ಯಾನ್‌ನನ್ನು ಮದುವೆಯಾಗುತ್ತಾಳೆ.

ಬೆಸ್ ಚರ್ಚಿನಲ್ಲಿ ಒಬ್ಬಳೇ ಕೂತು ದೇವರೊಡನೆ ಮಾತಾಡುತ್ತಾಳೆ. ಪ್ರಶ್ನೆಯೂ ಅವಳದೇ, ಉತ್ತರವೂ ಅವಳದೇ. ದೇವರಾಗಿ ಉತ್ತರಿಸುವಾಗ ದನಿ ಗಡುಸಾಗುತ್ತದೆ, ಗದರುತ್ತದೆ, ಒಳ್ಳೆಯ ಹುಡುಗಿಯಾಗಿರು ಎನ್ನುತ್ತದೆ. ಅದು ಆ ಹಿರಿಯರದೇ ದನಿ ಎಂದು ನನಗೆ ಹೊಳೆದದ್ದು ಎರಡನೇ ಸಲ ನೋಡುವಾಗ. ಪ್ರೀತಿಸುವ ದೇವರ ದನಿಯನ್ನು ಆ ಹುಡುಗಿಗೆ ಯಾರೂ ಕೇಳಿಸಿಯೇ ಇರಲಿಲ್ಲ. ಅಂಥ ದೇವರ ಮುಂದೆಯೂ ಅವಳು ಮಗುವಿನ ಹಾಗೆ ನಗುತ್ತಾಳಲ್ಲ, ಅಲ್ಲಿ ನನ್ನ ಕರುಳು ಕಿವುಚಿತು. ಎಮಿಲಿ ವಾಟ್ಸನ್ ಅವರಿಗೆ ಇದು ಮೊದಲ ಸಿನಿಮಾ. ಆಸ್ಕರ್ ನಾಮನಿರ್ದೇಶನ ತಂದುಕೊಟ್ಟ ಪಾತ್ರ.

ಗಂಡ ಬೇಗ ಮನೆಗೆ ಬರಲಿ ಎಂದು ಬೇಡಿಕೊಳ್ಳುತ್ತಾಳೆ. ಅಪಘಾತದಲ್ಲಿ ಮೈಯ ಸ್ವಾಧೀನ ಕಳೆದುಕೊಂಡು ಬರುತ್ತಾನೆ. ತಾನು ಬೇಡಿದ್ದಕ್ಕೇ ಹೀಗಾಯಿತು ಎಂದು ಅವಳ ನಂಬಿಕೆ. ಬೇರೆ ಗಂಡಸರ ಜೊತೆ ಇದ್ದು ಬಂದು ತನಗೆ ಹೇಳು ಎಂದು ಯಾನ್ ಕೇಳಿದಾಗ ಯಾರಿಗಾದರೂ ಅವನ ಮೇಲೆ ಸಿಟ್ಟು ಬಂದೀತು. ನನಗೆ ಬರಲಿಲ್ಲ. ಅಪ್ಪ ಹದಿನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದರು. "ಹೋಗೇ, ಮದುವೆಗೆ ಹೋಗಿ ಬಾ, ನನಗೋಸ್ಕರ ಕೂತಿರಬೇಡ" ಎಂದು ಅಮ್ಮನನ್ನು ತಾವೇ ಒತ್ತಾಯಿಸಿ ಕಳಿಸಿ, ಸಂಜೆ ಅವಳು ಬಂದಾಗ ಗೋಡೆಯ ಕಡೆ ಮುಖ ತಿರುಗಿಸಿದ್ದರು. ಯಾನ್ ಆಗಿ ನಟಿಸಿದ ಸ್ಟೆಲಾನ್ ಸ್ಕಾರ್ಸ್‌ಗಾರ್ಡ್ ಅವರ ಕಣ್ಣಲ್ಲಿ ಅದೇ ಇದೆ.

ಕ್ಯಾಮೆರಾ ಕೈಯಲ್ಲೇ ಹಿಡಿದದ್ದು, ಸದಾ ಅಲುಗಾಡುತ್ತದೆ. ತಲೆ ಸುತ್ತಿದರೆ ಅಧ್ಯಾಯಗಳ ನಡುವಿನ ನಿಶ್ಚಲ ನಿಸರ್ಗಚಿತ್ರಗಳಲ್ಲಿ ಸುಧಾರಿಸಿಕೊಳ್ಳಬಹುದು.

ನನ್ನ ತಕರಾರು ಕೊನೆಯ ಒಂದು ಗಂಟೆಯದು. ಯಾನ್ ಕೇಳಿದಂತೆ ಮಾಡಿದ್ದಕ್ಕೆ ಬೆಸ್‌ಳನ್ನು ಚರ್ಚಿನಿಂದ ಹೊರಹಾಕಿ, ಮಕ್ಕಳು ಕಲ್ಲೆಸೆದು, ತಾಯಿಯೇ ಬಾಗಿಲು ತೆರೆಯದೆ ಹೋದ ಮೇಲೂ ನಿರ್ದೇಶಕರಿಗೆ ಸಾಲದು. ಹೆಣ್ಣಿನ ಒಳ್ಳೆಯತನ ನಂಬಲು ಅವಳ ಮೈ ಇಷ್ಟು ಹರಿಯಲೇಬೇಕಿತ್ತೇ? ಈ ಸಿಟ್ಟು ಇನ್ನೂ ಆರಿಲ್ಲ. ಹಿಂಸೆಯ ದೃಶ್ಯಗಳನ್ನು ತಾಳಲಾರದವರು ನೋಡದಿರುವುದೇ ಒಳ್ಳೆಯದು.

ಎಲ್ಲರೂ ಬೆಸ್ ಬಗ್ಗೆ ಮಾತಾಡುತ್ತಾರೆ. ನಾನು ಅವಳ ಅತ್ತಿಗೆ ಡೋಡೊ ಬಗ್ಗೆ ಹೇಳಬೇಕು. ಬೇರೆ ಕಡೆಯಿಂದ ಬಂದವಳು, ನರ್ಸು. ಬೆಸ್‌ಳ ಅಣ್ಣ ಸತ್ತ ಮೇಲೆ ಆ ಊರಲ್ಲಿ ಅವಳಿಗೆ ಋಣವೇ ಉಳಿದಿರಲಿಲ್ಲ. ನಾದಿನಿಗಾಗಿ ಉಳಿದುಕೊಂಡಳು. ಬೆಸ್‌ಳ ತ್ಯಾಗದಲ್ಲಿ ದೇವರ ಜೊತೆ ಒಂದು ಒಪ್ಪಂದವಿದೆ: ನಾನು ಇದನ್ನು ಕೊಡುತ್ತೇನೆ, ಯಾನ್ ಬದುಕಲಿ. ಡೋಡೊಗೆ ಪ್ರತಿಯಾಗಿ ಸಿಗುವಂಥದ್ದು ಏನೂ ಇಲ್ಲ. ಬೈಯುತ್ತಾಳೆ, ಅಪ್ಪಿಕೊಳ್ಳುತ್ತಾಳೆ, ಸೋಲುತ್ತಾಳೆ. ಕೊನೆಗೆ ಹೆಂಗಸರು ಮಾತಾಡಬಾರದ ಸ್ಮಶಾನದಲ್ಲಿ ಗಡ್ಡದ ಹಿರಿಯರ ಎದುರು ನಿಂತು, ಬೆಸ್‌ಳನ್ನು ನರಕಕ್ಕೆ ಕಳಿಸುವ ಹಕ್ಕು ನಿಮ್ಮಲ್ಲಿ ಒಬ್ಬರಿಗೂ ಇಲ್ಲ ಎನ್ನುತ್ತಾಳೆ. ಕ್ಯಾಟ್ರಿನ್ ಕಾರ್ಟ್‌ಲಿಜ್ ಆ ಮಾತು ಹೇಳುವಾಗ ನಾನು ಎದ್ದು ಕೂತಿದ್ದೆ.